ಹಳೆಯ ಪೆಟ್ರೋಲ್ ಕಾರುಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಅಳವಡಿಕೆ: ವಾಹನ ಮಾಲೀಕರ ಮಾಹಿತಿಗಾಗಿ

1. ಪೀಠಿಕೆ

ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳ ಗ್ರಾಮೀಣ ಪ್ರದೇಶದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಜೀಪ್ ಮುಂತಾದ ಹಳೆಯ ವಾಹನಗಳನ್ನು ಹೊಂದಿರುವ ಮಾಲೀಕರು ನೋಂದಣಿ ನವೀಕರಣ ಅಥವಾ ಹೊಗೆ ತಪಾಸಣೆಯ ಸಮಯದಲ್ಲಿ ಎದುರಿಸುವ ಸಾಮಾನ್ಯ ಪ್ರಶ್ನೆ ಒಂದಿದೆ. ಇಂಜಿನ್ನಿನಲ್ಲಿ ಮೂಲತಃ ಇರುವ ಪಾಯಿಂಟ್ ಮತ್ತು ಕಂಡೆನ್ಸರ್‌ಗಳನ್ನು ತೆಗೆದು, ಮಾರುಕಟ್ಟೆಯಲ್ಲಿ ಪ್ರತ್ಯೇಕವಾಗಿ ದೊರೆಯುವ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಅಳವಡಿಸಿದಲ್ಲಿ ಖರ್ಚಿಗೆ ತಕ್ಕ ಪ್ರಯೋಜನ ದೊರೆಯುವುದೇ ಎಂಬುದೇ ಆ ಪ್ರಶ್ನೆ.

ಇದಕ್ಕೆ ಸಂಕ್ಷಿಪ್ತ ಉತ್ತರ ಈ ಕೆಳಗಿನಂತಿದೆ:

(ಅ) ಕಿಟ್ ಅಳವಡಿಕೆಯಿಂದ ಇಂಜಿನ್ನಿನ ಶಕ್ತಿ ಹೆಚ್ಚುವುದಿಲ್ಲ. ಸರಿಯಾಗಿ ಹೊಂದಿಸಿದ ಪಾಯಿಂಟ್‌ಗಿಂತ ಹೆಚ್ಚಿನ ಮೈಲೇಜನ್ನೂ ಗಣನೀಯವಾಗಿ ನಿರೀಕ್ಷಿಸುವಂತಿಲ್ಲ.

(ಆ) ಪಾಯಿಂಟ್ ಸವೆತದಿಂದ ಟೈಮಿಂಗ್ ತಪ್ಪುವುದನ್ನು ಕಿಟ್ ತಡೆಯುತ್ತದೆ. ವಾಹನವನ್ನು ನಿಯಮಿತವಾಗಿ ಬಳಸುವವರಿಗೆ ಮತ್ತು ಪಾಯಿಂಟ್ ಹೊಂದಿಸಬಲ್ಲ ಮೆಕ್ಯಾನಿಕ್ ಸಮೀಪದಲ್ಲಿ ಇಲ್ಲದವರಿಗೆ ಇದು ಉಪಯುಕ್ತ.

(ಇ) ಕಿಟ್ ಖರೀದಿಸುವ ಮೊದಲು ಹೊಗೆ ತಪಾಸಣೆಯ ಚೀಟಿಯಲ್ಲಿನ ಎರಡು ಅಂಕಿಗಳನ್ನು ಓದಿ ದೋಷ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ದೋಷವು ಕಾರ್ಬ್ಯುರೇಟರಿನಲ್ಲಿ ಅಥವಾ ಪಿಸ್ಟನ್ ರಿಂಗ್‌ಗಳಲ್ಲಿ ಇದ್ದಲ್ಲಿ ಕಿಟ್ಟಿಗೆ ಮಾಡಿದ ವೆಚ್ಚ ವ್ಯರ್ಥವಾಗುವುದು.

2. ಈ ಮಾಹಿತಿ ಯಾವ ವಾಹನಗಳಿಗೆ ಅನ್ವಯಿಸುತ್ತದೆ

ಪಾಯಿಂಟ್, ಕಂಡೆನ್ಸರ್ ಮತ್ತು ಡಿಸ್ಟ್ರಿಬ್ಯೂಟರ್ ಹೊಂದಿರುವ, ಕಾರ್ಬ್ಯುರೇಟರ್ ಮಾದರಿಯ ಪೆಟ್ರೋಲ್ ವಾಹನಗಳಿಗೆ ಮಾತ್ರ ಈ ಮಾಹಿತಿ ಅನ್ವಯಿಸುತ್ತದೆ. ಗ್ಯಾರೇಜುಗಳಲ್ಲಿ ಡಿಸ್ಟ್ರಿಬ್ಯೂಟರನ್ನು ಡೆಲ್ಕೊ ಎಂದೂ ಕರೆಯುವುದುಂಟು. 1489 ಸಿ.ಸಿ. ಪೆಟ್ರೋಲ್ ಇಂಜಿನ್ನಿನ ಅಂಬಾಸಿಡರ್ ಮತ್ತು 1089 ಸಿ.ಸಿ. ಇಂಜಿನ್ನಿನ ಪ್ರೀಮಿಯರ್ ಪದ್ಮಿನಿ ಇದಕ್ಕೆ ಉದಾಹರಣೆಗಳು. ಅಂಬಾಸಿಡರ್ ಉತ್ಪಾದನೆ 2014ರಲ್ಲಿ ನಿಂತಿದೆ. ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತಿದೆ. ಆದ್ದರಿಂದ ಇವುಗಳ ಬಿಡಿಭಾಗಗಳ ಲಭ್ಯತೆಯೂ ನಿರ್ಧಾರದಲ್ಲಿ ಮುಖ್ಯವಾಗುತ್ತದೆ.

ಕೆಳಕಂಡ ವಾಹನಗಳಿಗೆ ಇಂತಹ ಕಿಟ್ ಅಗತ್ಯವಿರುವುದಿಲ್ಲ:

(ಅ) ಡೀಸೆಲ್ ಜೀಪ್, ಡೀಸೆಲ್ ಅಂಬಾಸಿಡರ್ ಮತ್ತು ಟ್ರ್ಯಾಕ್ಟರ್. ಡೀಸೆಲ್ ಇಂಜಿನ್ನಿನಲ್ಲಿ ಇಂಧನವು ಗಾಳಿಯ ಒತ್ತಡದ ಬಿಸಿಯಿಂದಲೇ ಉರಿಯುವುದರಿಂದ ಅದಕ್ಕೆ ಕಿಡಿಯ ಅಗತ್ಯವಿಲ್ಲ.

(ಆ) ಎಂ.ಪಿ.ಎಫ್.ಐ. ಮಾದರಿಯ ಕಾರುಗಳು. ಇವುಗಳಲ್ಲಿ ಕಿಡಿಯ ಸಮಯವನ್ನು ಕಂಪ್ಯೂಟರ್ ಘಟಕವೇ ನಿಯಂತ್ರಿಸುತ್ತದೆ.

(ಇ) ಕಾರ್ಖಾನೆಯಿಂದಲೇ ಎಲೆಕ್ಟ್ರಾನಿಕ್ ಇಗ್ನಿಷನ್ ಹೊಂದಿ ಬಂದ ಕಾರ್ಬ್ಯುರೇಟರ್ ಕಾರುಗಳು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆರೆದು ನೋಡಿದಲ್ಲಿ ಒಳಗೆ ಪಾಯಿಂಟ್ ಇದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಹಣ ಕೊಡುವ ಮೊದಲು ಈ ಪರಿಶೀಲನೆ ಮಾಡಿಕೊಳ್ಳತಕ್ಕದ್ದು.

3. ಮೂಲ ವ್ಯವಸ್ಥೆಯ ಕಾರ್ಯವಿಧಾನ

ಬ್ಯಾಟರಿಯ 12 ವೋಲ್ಟ್ ವಿದ್ಯುತ್ ಇಗ್ನಿಷನ್ ಕಾಯಿಲ್ ಮೂಲಕ ಹರಿದು ಪಾಯಿಂಟ್‌ನಲ್ಲಿ ಮುಕ್ತಾಯವಾಗುತ್ತದೆ. ಡಿಸ್ಟ್ರಿಬ್ಯೂಟರಿನ ಒಳಗಿನ ಕ್ಯಾಮ್ ತಿರುಗಿ ಪಾಯಿಂಟನ್ನು ತೆರೆದಾಗ ಕಾಯಿಲ್‌ನಲ್ಲಿನ ವಿದ್ಯುತ್ ಹಠಾತ್ತನೆ ಕಡಿದು, ಹಲವು ಸಾವಿರ ವೋಲ್ಟ್‌ಗಳ ಒತ್ತಡ ಉಂಟಾಗುತ್ತದೆ. ಈ ಒತ್ತಡವು ರೋಟರ್, ಮುಚ್ಚಳ ಮತ್ತು ವೈರುಗಳ ಮೂಲಕ ಪ್ಲಗ್ ತಲುಪಿ ಕಿಡಿ ಹಾರುತ್ತದೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಬ್ಯಾಟರಿ ಇಗ್ನಿಷನ್ ವ್ಯವಸ್ಥೆ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬಂದಿತು. ತತ್ವ ಇಂದಿಗೂ ಅದೇ ಆಗಿದೆ.

ನಾಲ್ಕು ಸಿಲಿಂಡರಿನ ಕಾರು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪಾಯಿಂಟ್ ನಿಮಿಷಕ್ಕೆ 6,000 ಬಾರಿ, ಅಂದರೆ ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚುತ್ತದೆ. ಇದರಿಂದ ಎರಡು ಬಗೆಯ ಸವೆತ ಉಂಟಾಗುತ್ತದೆ.

(ಅ) ಪಾಯಿಂಟ್‌ನ ಮುಖಗಳು ಕಿಡಿಯಿಂದ ಸುಟ್ಟು ಒಂದು ಬದಿ ಗುಳಿಯೂ ಇನ್ನೊಂದು ಬದಿ ಗಂಟೂ ಆಗುತ್ತವೆ. ಇದರಿಂದ ಕಾಯಿಲ್‌ಗೆ ವಿದ್ಯುತ್ ಸರಿಯಾಗಿ ದೊರೆಯುವುದಿಲ್ಲ. ಕಂಡೆನ್ಸರ್ ಕೆಟ್ಟಿದ್ದಲ್ಲಿ ಈ ಸುಡುವಿಕೆ ಬಹು ಬೇಗ ಆಗುತ್ತದೆ.

(ಆ) ಕ್ಯಾಮ್‌ಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದು ಪಾಯಿಂಟ್‌ನ ಗ್ಯಾಪ್ ಕ್ರಮೇಣ ಕಡಿಮೆಯಾಗುತ್ತದೆ. ಗ್ಯಾಪ್ ಕಡಿಮೆಯಾದಂತೆ ಕಿಡಿಯು ತಡವಾಗಿ ಹಾರುತ್ತದೆ. ಆಗ ಇಂಜಿನ್ ಬೇಗ ಬಿಸಿಯಾಗುವುದು, ಏರಿನಲ್ಲಿ ಎಳೆತ ಕುಂದುವುದು, ಪೆಟ್ರೋಲ್ ಹೆಚ್ಚು ಖರ್ಚಾಗುವುದು.

ಈ ಬದಲಾವಣೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಆಗುವುದರಿಂದ ವಾಹನ ಓಡಿಸುವವರ ಗಮನಕ್ಕೆ ಬರುವುದಿಲ್ಲ. ಹೊಸ ಕಿಟ್ ಹಾಕಿದ ದಿನ ಕಾರು ಹೊಸದರಂತೆ ಓಡಿತು ಎಂಬ ಅನುಭವಕ್ಕೆ ಮುಖ್ಯ ಕಾರಣ ಇದೇ ಆಗಿದೆ. ಅಳವಡಿಕೆಯ ಸಂದರ್ಭದಲ್ಲಿ ಟೈಮಿಂಗನ್ನು ಮರಳಿ ಸರಿಪಡಿಸಲಾಗಿರುತ್ತದೆ. ಹೊಸ ಪಾಯಿಂಟ್ ಹಾಕಿ ಟೈಮಿಂಗ್ ಸರಿಪಡಿಸಿದ್ದರೂ ಆ ದಿನ ಅದೇ ಫಲಿತಾಂಶ ದೊರೆಯುತ್ತಿತ್ತು.

4. ಕಿಟ್ ಅಳವಡಿಸಿದಾಗ ಬದಲಾಗುವುದೇನು, ಬದಲಾಗದಿರುವುದೇನು

ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಪಾಯಿಂಟ್‌ನ ಸ್ಥಳದಲ್ಲಿ ಸಂವೇದಕವೊಂದನ್ನು ಕೂರಿಸಲಾಗುತ್ತದೆ. ಕ್ಯಾಮ್‌ನ ಮೇಲೆ ತೊಡಿಸಿದ ಅಯಸ್ಕಾಂತದ ಉಂಗುರ ಅಥವಾ ಸೀಳುಗಳಿರುವ ತಟ್ಟೆ ತಿರುಗುವುದನ್ನು ಈ ಸಂವೇದಕ ಗುರುತಿಸುತ್ತದೆ. ಅದರ ಸೂಚನೆಯಂತೆ ಟ್ರಾನ್ಸಿಸ್ಟರ್ ಕಾಯಿಲ್‌ನ ವಿದ್ಯುತ್ತನ್ನು ಕಡಿಯುತ್ತದೆ. ಇಲ್ಲಿ ಒಂದಕ್ಕೊಂದು ಉಜ್ಜುವ ಭಾಗವಿಲ್ಲ. ಆದ್ದರಿಂದ ಒಮ್ಮೆ ಹೊಂದಿಸಿದ ಟೈಮಿಂಗ್ ಸಂವೇದಕದ ಸವೆತದಿಂದ ತಪ್ಪುವುದಿಲ್ಲ. ಹೆಚ್ಚು ವೇಗದಲ್ಲಿ ಪಾಯಿಂಟ್ ಸರಿಯಾಗಿ ಮುಚ್ಚದೆ ಪುಟಿಯುವ ದೋಷವೂ ಇರುವುದಿಲ್ಲ.

ಆದರೆ ಕೆಳಕಂಡ ಭಾಗಗಳು ಹಳೆಯವೇ ಆಗಿ ಉಳಿಯುತ್ತವೆ:

– ಡಿಸ್ಟ್ರಿಬ್ಯೂಟರಿನ ದಂಡ ಮತ್ತು ಬುಷ್
– ವೇಗಕ್ಕೆ ತಕ್ಕಂತೆ ಕಿಡಿಯನ್ನು ಬೇಗ ಹಾರಿಸುವ ತೂಕಗಳು ಮತ್ತು ಸ್ಪ್ರಿಂಗುಗಳು
– ವ್ಯಾಕ್ಯೂಮ್ ಅಡ್ವಾನ್ಸ್ ಡಯಾಫ್ರಮ್
– ಮುಚ್ಚಳ, ರೋಟರ್, ಪ್ಲಗ್ ವೈರು ಮತ್ತು ಪ್ಲಗ್‌ಗಳು
– ಕಾರ್ಬ್ಯುರೇಟರ್, ವಾಲ್ವ್ ಮತ್ತು ಪಿಸ್ಟನ್ ರಿಂಗ್‌ಗಳು

ಈ ಪೈಕಿ ಯಾವುದಾದರೂ ಸವೆದಿದ್ದಲ್ಲಿ ಕಿಟ್ ಅಳವಡಿಸಿದ ನಂತರವೂ ತೊಂದರೆ ಮುಂದುವರಿಯುತ್ತದೆ. ಉದಾಹರಣೆಗೆ, ಡಿಸ್ಟ್ರಿಬ್ಯೂಟರಿನ ಬುಷ್ ಸವೆದು ದಂಡ ಅಲುಗಾಡುತ್ತಿದ್ದಲ್ಲಿ ಎಲೆಕ್ಟ್ರಾನಿಕ್ ಸಂವೇದಕದ ಟೈಮಿಂಗ್ ಸಹ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ವ್ಯತ್ಯಾಸವಾಗಬಹುದು.

ಹೆಚ್ಚು ಬಲವಾದ ಕಿಡಿಯಿಂದ ಹೆಚ್ಚು ಶಕ್ತಿ ದೊರೆಯುವುದು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವು ಒಮ್ಮೆ ಸರಿಯಾದ ಸಮಯಕ್ಕೆ ಹೊತ್ತಿಕೊಂಡ ಮೇಲೆ, ಇಂಜಿನ್ನಿನ ಶಕ್ತಿಯು ಆ ಮಿಶ್ರಣದಿಂದಲೇ ಬರುತ್ತದೆ, ಕಿಡಿಯಿಂದಲ್ಲ. ಬೆಂಕಿಕಡ್ಡಿ ದೊಡ್ಡದಾದ ಮಾತ್ರಕ್ಕೆ ಒಲೆಯ ಉರಿ ಹೆಚ್ಚುವುದಿಲ್ಲ. ಆದ್ದರಿಂದ ಮೂಲ ಸ್ಥಿತಿಯಲ್ಲಿರುವ ಹಳೆಯ ಇಂಜಿನ್ನಿಗೆ ಅಧಿಕ ವೋಲ್ಟೇಜಿನ ಕಾಯಿಲ್, ದಪ್ಪ ಬಣ್ಣದ ವೈರು ಮತ್ತು ದುಬಾರಿ ಲೋಹದ ಪ್ಲಗ್‌ಗಳಿಂದ ಹೇಳಿಕೊಳ್ಳುವಂತಹ ಲಾಭ ಇರುವುದಿಲ್ಲ. ಕಿಡಿ ದುರ್ಬಲವಾಗಿ ಮಿಶ್ರಣ ಹೊತ್ತಿಕೊಳ್ಳದೇ ಹೋಗುತ್ತಿದ್ದಲ್ಲಿ ಮಾತ್ರ ಬಲವಾದ ಕಿಡಿಯ ಪ್ರಯೋಜನ ಕಂಡುಬರುತ್ತದೆ. ಎಲ್.ಪಿ.ಜಿ. ಅಥವಾ ಸಿ.ಎನ್.ಜಿ. ಬಳಸುವ ವಾಹನಗಳಲ್ಲಿ ಕಿಡಿಗೆ ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ ಅಂತಹ ವಾಹನಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹೆಚ್ಚು ಸಮರ್ಥನೀಯವಾಗಿದೆ.

ಅಮೆರಿಕದ ಕ್ರೈಸ್ಲರ್ ಕಂಪನಿಯು 1973ರ ತನ್ನ ಕಾರುಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನು ಸಾಮಾನ್ಯ ಉಪಕರಣವಾಗಿ ನೀಡಿತು. ಆ ದೇಶದಲ್ಲಿ ಹೊಗೆ ನಿಯಮಗಳು ಬಿಗಿಯಾಗುತ್ತಿದ್ದ ಕಾಲ ಅದು. ಸಾವಿರಾರು ಮೈಲಿ ಓಡಿದ ಮೇಲೂ ಟೈಮಿಂಗ್ ಬದಲಾಗದಿರುವುದೇ ಈ ವ್ಯವಸ್ಥೆಯ ಮುಖ್ಯ ಗುಣ. ಇಂದು ಕಿಟ್ ಕೊಳ್ಳುವವರಿಗೂ ದೊರೆಯುವ ಲಾಭ ಇದೇ ಆಗಿದೆ.

5. ಹೊಗೆ ತಪಾಸಣೆಯ ಚೀಟಿಯನ್ನು ಓದುವ ಕ್ರಮ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರ ಅನ್ವಯ ಪೆಟ್ರೋಲ್ ವಾಹನಗಳ ಹೊಗೆಯನ್ನು ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಪರೀಕ್ಷಿಸಲಾಗುತ್ತದೆ. ಚೀಟಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ ಪ್ರಮಾಣದಲ್ಲಿಯೂ, ಹೈಡ್ರೋಕಾರ್ಬನ್ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಪಿ.ಪಿ.ಎಂ. ಪ್ರಮಾಣದಲ್ಲಿಯೂ ನಮೂದಾಗಿರುತ್ತದೆ. ಹಳೆಯ ವಾಹನಗಳಿಗೆ 2004ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಗರಿಷ್ಠ ಮಿತಿಗಳು ಹೀಗಿವೆ:

ಭಾರತ್ ಸ್ಟೇಜ್-2 ಪೂರ್ವದ ನಾಲ್ಕು ಚಕ್ರದ ಪೆಟ್ರೋಲ್ ವಾಹನ: ಕಾರ್ಬನ್ ಮೊನಾಕ್ಸೈಡ್ ಶೇ. 3.0, ಹೈಡ್ರೋಕಾರ್ಬನ್ 1,500.

2000ದ ಮಾರ್ಚ್ 31ರ ಒಳಗೆ ತಯಾರಾದ ದ್ವಿಚಕ್ರ ಮತ್ತು ತ್ರಿಚಕ್ರ ವಾಹನ: ಕಾರ್ಬನ್ ಮೊನಾಕ್ಸೈಡ್ ಶೇ. 4.5, ಹೈಡ್ರೋಕಾರ್ಬನ್ 9,000.

ಕಾರಿನ ಚೀಟಿಯಲ್ಲಿನ ಅಂಕಿಗಳಿಂದ ದೋಷದ ಮೂಲವನ್ನು ಸ್ಥೂಲವಾಗಿ ಹೀಗೆ ಊಹಿಸಬಹುದಾಗಿದೆ:

(ಅ) ಹೈಡ್ರೋಕಾರ್ಬನ್ ಮಿತಿ ಮೀರಿದ್ದು, ಕಾರ್ಬನ್ ಮೊನಾಕ್ಸೈಡ್ ಮಿತಿಯೊಳಗೆ ಇದ್ದಲ್ಲಿ, ಕೆಲವು ಬಾರಿ ಪೆಟ್ರೋಲ್ ಹೊತ್ತಿಕೊಳ್ಳದೆಯೇ ಹೊರಹೋಗುತ್ತಿದೆ ಎಂದು ತಿಳಿಯುವುದು. ಪಾಯಿಂಟ್, ಕಂಡೆನ್ಸರ್, ಪ್ಲಗ್, ವೈರು ಮತ್ತು ಟೈಮಿಂಗ್ ಪರಿಶೀಲಿಸತಕ್ಕದ್ದು. ಇನ್‌ಟೇಕ್ ಮ್ಯಾನಿಫೋಲ್ಡ್‌ನ ಪ್ಯಾಕಿಂಗ್ ಸಡಿಲವಾಗಿ ಗಾಳಿ ಎಳೆಯುತ್ತಿದ್ದಲ್ಲಿಯೂ ಇದೇ ಲಕ್ಷಣ ಕಾಣುವುದರಿಂದ ಅದನ್ನೂ ನೋಡಬೇಕು.

(ಆ) ಕಾರ್ಬನ್ ಮೊನಾಕ್ಸೈಡ್ ಮಿತಿ ಮೀರಿದ್ದಲ್ಲಿ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಹೋಗುತ್ತಿದೆ ಎಂದರ್ಥ. ಏರ್ ಫಿಲ್ಟರ್, ಚೋಕ್, ಕಾರ್ಬ್ಯುರೇಟರಿನ ಫ್ಲೋಟ್ ಮತ್ತು ಐಡಲ್ ಸ್ಕ್ರೂ ಪರಿಶೀಲಿಸತಕ್ಕದ್ದು. ಈ ದೋಷ ಇಗ್ನಿಷನ್ ಕಿಟ್ಟಿನಿಂದ ನಿವಾರಣೆಯಾಗುವುದಿಲ್ಲ.

(ಇ) ಎರಡೂ ಮಿತಿ ಮೀರಿದ್ದಲ್ಲಿ ಮೊದಲು ಕಾರ್ಬ್ಯುರೇಟರ್ ಸರಿಪಡಿಸಿ, ನಂತರ ಇಗ್ನಿಷನ್ ಕಡೆಗೆ ಗಮನ ಕೊಡುವುದು. ಹೆಚ್ಚಿನ ಪೆಟ್ರೋಲಿನಿಂದ ಪ್ಲಗ್‌ಗಳಿಗೆ ಮಸಿ ಹಿಡಿದು ಕಿಡಿ ತಪ್ಪುತ್ತಿರುವ ಸಾಧ್ಯತೆ ಇರುತ್ತದೆ.

(ಈ) ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದಲ್ಲಿ ಇಂಜಿನ್ ಆಯಿಲ್ ಸುಡುತ್ತಿದೆ. ಇದಕ್ಕೆ ಇಂಜಿನ್ ಕೆಲಸವೇ ಪರಿಹಾರ.

(ಉ) ಎರಡೂ ಅಂಕಿಗಳು ಮಿತಿಗಿಂತ ಸಾಕಷ್ಟು ಕಡಿಮೆ ಇದ್ದು, ವಾಹನ ಚೆನ್ನಾಗಿ ಓಡುತ್ತಿದ್ದಲ್ಲಿ ಕಿಟ್ ಹಾಕಿಸುವ ತುರ್ತು ಇಲ್ಲ.

ಈ ಪರೀಕ್ಷೆ ಐಡಲ್‌ನಲ್ಲಿ ಮಾತ್ರ ನಡೆಯುವುದರಿಂದ, ವೇಗದಲ್ಲಿ ಮಾತ್ರ ಕಾಣುವ ದೋಷ ಚೀಟಿಯಲ್ಲಿ ಗೋಚರಿಸದೇ ಇರಬಹುದು ಎಂಬುದನ್ನು ಗಮನಿಸುವುದು.

6. ಕಿಟ್ ಖರೀದಿಗೆ ಮೊದಲು ಮಾಡಿಸಬೇಕಾದ ಕೆಲಸಗಳು

(1) ಪ್ಲಗ್‌ಗಳನ್ನು ತೆಗೆದು ಬಣ್ಣ ನೋಡುವುದು. ತಿಳಿ ಕಂದು ಬಣ್ಣವಿದ್ದಲ್ಲಿ ಸರಿ. ಒಣ ಕಪ್ಪು ಮಸಿ ಇದ್ದಲ್ಲಿ ಪೆಟ್ರೋಲ್ ಹೆಚ್ಚು. ಜಿಡ್ಡು ಇದ್ದಲ್ಲಿ ಆಯಿಲ್ ಸೇರುತ್ತಿದೆ.

(2) ಹೊಸ ಪಾಯಿಂಟ್ ಮತ್ತು ಕಂಡೆನ್ಸರ್ ಹಾಕಿಸಿ, ವಾಹನದ ಕೈಪಿಡಿಯಲ್ಲಿ ಹೇಳಿದ ಗ್ಯಾಪ್ ಇಡುವುದು. ಈ ಬಗೆಯ ಹಲವು ಡಿಸ್ಟ್ರಿಬ್ಯೂಟರುಗಳಲ್ಲಿ ಇದು 0.4 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅಳೆಯಲು ಫೀಲರ್ ಗೇಜ್ ಬಳಸಬೇಕು.

(3) ಮುಚ್ಚಳದ ಒಳಭಾಗದಲ್ಲಿ ಕೂದಲೆಳೆಯಂತಹ ಕಪ್ಪು ಗೆರೆ ಅಥವಾ ಬಿರುಕು ಇದೆಯೇ ಎಂದು ನೋಡುವುದು. ಇದ್ದಲ್ಲಿ ಮುಚ್ಚಳ ಬದಲಿಸತಕ್ಕದ್ದು.

(4) ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿಲ್ಲವೆಂದೂ, ವ್ಯಾಕ್ಯೂಮ್ ಡಯಾಫ್ರಮ್ ತೂತಾಗಿಲ್ಲವೆಂದೂ ಖಚಿತಪಡಿಸಿಕೊಳ್ಳುವುದು. ಹಳೆಯ ಕಾರುಗಳಲ್ಲಿ ಮೈಲೇಜ್ ಕುಂದಲು ಈ ಎರಡು ಭಾಗಗಳೂ ಕಾರಣವಾಗುತ್ತವೆ. ಆದರೆ ಇವುಗಳನ್ನು ತೆರೆದು ನೋಡುವವರು ಕಡಿಮೆ.

(5) ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್ ಹೊಂದಿಸುವುದು.

ಇಷ್ಟು ಕೆಲಸದ ನಂತರ ವಾಹನ ತೃಪ್ತಿಕರವಾಗಿ ಓಡಿದಲ್ಲಿ, ಎಷ್ಟು ತಿಂಗಳು ಹಾಗೆಯೇ ಉಳಿಯುವುದೆಂದು ಗಮನಿಸಬೇಕು. ಬಹುಕಾಲ ಸರಿಯಾಗಿದ್ದಲ್ಲಿ ಕಿಟ್ ಬೇಕಾಗುವುದಿಲ್ಲ. ಕೆಲವೇ ವಾರಗಳಲ್ಲಿ ಪಾಯಿಂಟ್ ಪುನಃ ಸುಟ್ಟಲ್ಲಿ ಅಥವಾ ಉತ್ತಮ ಗುಣಮಟ್ಟದ ಪಾಯಿಂಟ್ ಮತ್ತು ಕಂಡೆನ್ಸರ್ ದೊರೆಯದಿದ್ದಲ್ಲಿ ಕಿಟ್ ಬಗ್ಗೆ ಆಲೋಚಿಸುವುದು ಸೂಕ್ತ.

7. ಗ್ರಾಮೀಣ ಬಳಕೆಗೆ ಸಂಬಂಧಿಸಿದ ವಿಶೇಷ ಅಂಶಗಳು

ನವಲಗುಂದ ಮತ್ತು ಅಣ್ಣಿಗೇರಿ ಭಾಗದ ಕಪ್ಪು ಮಣ್ಣಿನ ರಸ್ತೆಗಳಲ್ಲಿ ಬೇಸಿಗೆಯಲ್ಲಿ ಧೂಳು ಹೆಚ್ಚು. ಮುಚ್ಚಳದ ಕ್ಲಿಪ್ಪು ಸಡಿಲವಿದ್ದಲ್ಲಿ ಧೂಳು ಒಳಸೇರಿ ಪಾಯಿಂಟ್‌ನ ಮುಖಗಳ ನಡುವೆ ನಿಲ್ಲುತ್ತದೆ. ಅಯಸ್ಕಾಂತ ಬಳಸುವ ಸಂವೇದಕಕ್ಕೆ ಇಂತಹ ಧೂಳಿನ ಬಾಧೆ ಕಡಿಮೆ.

ಕಲಘಟಗಿ ತಾಲ್ಲೂಕು ಮಲೆನಾಡಿನ ಸೆರಗಿನಲ್ಲಿದ್ದು ಮಳೆಗಾಲದಲ್ಲಿ ತೇವ ಹೆಚ್ಚು. ಮಳೆಯಲ್ಲಿ ಕಾರು ನಿಲ್ಲುವುದಕ್ಕೆ ಮುಚ್ಚಳದ ಒಳಗಿನ ತೇವ ಮತ್ತು ಹಳೆಯ ವೈರುಗಳ ಸೋರಿಕೆ ಸಾಮಾನ್ಯ ಕಾರಣಗಳು. ಕಿಟ್ ಹಾಕಿದರೂ ಇವು ಹಾಗೆಯೇ ಉಳಿಯುವುದರಿಂದ ಇಲ್ಲಿ ಹೊಸ ಮುಚ್ಚಳ, ವೈರು ಮತ್ತು ರಬ್ಬರ್ ಟೋಪಿಗಳಿಗೆ ಮೊದಲ ಆದ್ಯತೆ ನೀಡಬೇಕು.

ಹಬ್ಬ, ಜಾತ್ರೆ, ಮದುವೆಗೆ ಮಾತ್ರ ತೆಗೆಯುವ ಕಾರುಗಳಲ್ಲಿ ಪಾಯಿಂಟ್‌ನ ಮುಖಗಳಿಗೆ ಕಿಲುಬು ಕಟ್ಟಿ ಎರಡು ತಿಂಗಳ ನಂತರ ಸ್ಟಾರ್ಟ್ ಆಗದಿರುವುದುಂಟು. ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಈ ತೊಂದರೆ ಇಲ್ಲ. ಆದರೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ. ಹಲವು ಕಿಟ್‌ಗಳು ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ತೀರಾ ಕುಸಿದಲ್ಲಿ ಕೆಲಸ ಮಾಡುವುದಿಲ್ಲ. ಪಾಯಿಂಟ್ ಇರುವ ಕಾರು ದುರ್ಬಲ ಬ್ಯಾಟರಿಯಲ್ಲಿಯೂ ತಳ್ಳಿದರೆ ಸ್ಟಾರ್ಟ್ ಆಗುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದ ಅಂಶವೆಂದರೆ ದಾರಿಯಲ್ಲಿ ಕೆಟ್ಟಾಗ ದೊರೆಯುವ ನೆರವು. ಪಾಯಿಂಟ್ ಕೆಡುವ ಮೊದಲು ಸಾಮಾನ್ಯವಾಗಿ ಮುನ್ಸೂಚನೆ ನೀಡುತ್ತದೆ. ಊರಿನ ಮಿಸ್ತ್ರಿಯೇ ಅದನ್ನು ಉಜ್ಜಿ, ಗ್ಯಾಪ್ ಸರಿಮಾಡಿ, ಮನೆಗೆ ಹೋಗುವಷ್ಟು ದೂರ ಓಡುವಂತೆ ಮಾಡಬಲ್ಲರು. ಎಲೆಕ್ಟ್ರಾನಿಕ್ ಘಟಕ ಅಪರೂಪಕ್ಕೆ ಕೆಡುತ್ತದೆ. ಕೆಟ್ಟಲ್ಲಿ ಯಾವ ಸೂಚನೆಯೂ ಇಲ್ಲದೆ ನಿಲ್ಲಬಹುದು ಮತ್ತು ಅದನ್ನು ರಸ್ತೆ ಬದಿಯಲ್ಲಿ ದುರಸ್ತಿ ಮಾಡಲಾಗುವುದಿಲ್ಲ. ಕುಂದಗೋಳದವರಿಗೆ ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಗಳು ಸಮೀಪ. ರಾತ್ರಿ ವೇಳೆ ನವಲಗುಂದದಾಚೆಯ ಹಳ್ಳಿಯಲ್ಲಿ ಅಥವಾ ಕಲಘಟಗಿಯಾಚೆಯ ಕಾಡುದಾರಿಯಲ್ಲಿ ರೋಗಿಯನ್ನು ಕರೆದೊಯ್ಯುತ್ತಿರುವವರಿಗೆ ಅವು ದೂರ.

ಆದುದರಿಂದ ಕಿಟ್ ಅಳವಡಿಸಿದವರು ಮೂಲ ಪಾಯಿಂಟ್ ತಟ್ಟೆ, ಕಂಡೆನ್ಸರ್ ಮತ್ತು ಅದಕ್ಕೆ ಬೇಕಾದ ಸ್ಕ್ರೂಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿ ವಾಹನದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಮೂಲ ಕಾಯಿಲನ್ನೂ ಬದಲಿಸಿದ್ದಲ್ಲಿ ಅದನ್ನೂ ಜೊತೆಗಿಡುವುದು.

8. ಖರ್ಚು ಮತ್ತು ಉಳಿತಾಯದ ಲೆಕ್ಕ

ಕೆಳಗಿನ ಲೆಕ್ಕವು ತಿಳಿವಳಿಕೆಗಾಗಿ ನೀಡಿದ ಮಾದರಿಯಾಗಿದೆ. ಮಾಲೀಕರು ತಮ್ಮ ವಾಹನದ ಅಂಕಿಗಳನ್ನು ಇದರಲ್ಲಿ ಹಾಕಿಕೊಳ್ಳುವುದು. ಕಿಟ್ ಮತ್ತು ಕೂಲಿ ಸೇರಿ 5,000 ರೂ., ಪೆಟ್ರೋಲ್ ಲೀಟರಿಗೆ 100 ರೂ., ಮೈಲೇಜ್ ಲೀಟರಿಗೆ 12 ಕಿ.ಮೀ., ಇಂಧನ ಉಳಿತಾಯ ಶೇ. 4 ಎಂದು ಇಟ್ಟುಕೊಳ್ಳಲಾಗಿದೆ.

ಮಾದರಿ 1: ವರ್ಷಕ್ಕೆ 3,000 ಕಿ.ಮೀ. ಓಡುವ ಕಾರು. ಬಳಕೆ 250 ಲೀಟರ್. ಉಳಿತಾಯ 10 ಲೀಟರ್, ಅಂದರೆ 1,000 ರೂ. ಹಾಕಿದ ಹಣ ಹಿಂದಿರುಗಲು 5 ವರ್ಷ ಬೇಕು.

ಮಾದರಿ 2: ವರ್ಷಕ್ಕೆ 15,000 ಕಿ.ಮೀ. ಓಡುವ ಕಾರು. ಬಳಕೆ 1,250 ಲೀಟರ್. ಉಳಿತಾಯ 50 ಲೀಟರ್, ಅಂದರೆ 5,000 ರೂ. ಹಾಕಿದ ಹಣ 1 ವರ್ಷದಲ್ಲಿ ಹಿಂದಿರುಗುತ್ತದೆ.

ಪಾಯಿಂಟನ್ನು ನಿರ್ಲಕ್ಷಿಸಿದ್ದ ಕಾರಿಗೆ ಹೋಲಿಸಿದಾಗ ಮಾತ್ರ ಇಂತಹ ಉಳಿತಾಯ ದೊರೆಯಬಹುದು. ನಿಯಮಿತವಾಗಿ ಟ್ಯೂನಿಂಗ್ ಮಾಡಿಸುತ್ತಿರುವ ಕಾರಿಗೆ ಹೋಲಿಸಿದಲ್ಲಿ ಇಂಧನದ ಉಳಿತಾಯ ನಗಣ್ಯ. ಅಂತಹ ಮಾಲೀಕರಿಗೆ ಉಳಿಯುವುದು ವರ್ಷಂಪ್ರತಿಯ ಪಾಯಿಂಟ್ ಬೆಲೆ, ಕೂಲಿ ಮತ್ತು ಗ್ಯಾರೇಜಿಗೆ ಹೋಗಿಬರುವ ಸಮಯ ಮಾತ್ರ.

ಇದರ ಜೊತೆಗೆ ವಾಹನವನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳಲಾಗುವುದು ಎಂಬುದನ್ನೂ ಮೊದಲೇ ನಿರ್ಧರಿಸಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಸಿಂಧುವಾಗಿದ್ದು, ನಂತರ ಪ್ರತಿ 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. 2022ರ ಏಪ್ರಿಲ್ 1ರಿಂದ ಲಘು ಮೋಟಾರು ವಾಹನದ ನವೀಕರಣ ಶುಲ್ಕ 5,000 ರೂ. ಆಯಿತು. 2025ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯಂತೆ 20 ವರ್ಷ ಮೀರಿದ ಲಘು ಮೋಟಾರು ವಾಹನಕ್ಕೆ 10,000 ರೂ. ಮತ್ತು ಮೋಟಾರ್ ಸೈಕಲ್‌ಗೆ 2,000 ರೂ. ನಿಗದಿಯಾಗಿದೆ. ತೆರಿಗೆ, ವಿಮೆ ಮತ್ತು ತಪಾಸಣೆಯಲ್ಲಿ ಕಂಡುಬರುವ ಬ್ರೇಕ್, ಟೈರ್, ಲೈಟ್, ಸ್ಟಿಯರಿಂಗ್ ಕೆಲಸಗಳ ವೆಚ್ಚ ಪ್ರತ್ಯೇಕ. ಕೈಯಲ್ಲಿರುವ ಹಣ ಸೀಮಿತವಾಗಿದ್ದಲ್ಲಿ ಬ್ರೇಕ್ ಮತ್ತು ಟೈರುಗಳಿಗೆ ಮೊದಲು, ಕಾರ್ಬ್ಯುರೇಟರ್ ಮತ್ತು ಟ್ಯೂನಿಂಗಿಗೆ ನಂತರ, ಇಗ್ನಿಷನ್ ಕಿಟ್ಟಿಗೆ ಕೊನೆಯಲ್ಲಿ ವಿನಿಯೋಗಿಸುವುದು ಉಚಿತ.

9. ಅಳವಡಿಸುವಾಗ ವಹಿಸಬೇಕಾದ ಎಚ್ಚರಿಕೆಗಳು

(ಅ) ಡಿಸ್ಟ್ರಿಬ್ಯೂಟರಿನ ಮೇಲಿರುವ ತಯಾರಕರ ಹೆಸರು ಮತ್ತು ಮಾದರಿ ಸಂಖ್ಯೆಯನ್ನು ಬರೆದುಕೊಂಡು ಅದಕ್ಕೆ ಹೊಂದುವ ಕಿಟ್ಟನ್ನೇ ಖರೀದಿಸುವುದು. ಒಂದೇ ಮಾದರಿಯ ಕಾರಿನಲ್ಲಿಯೂ ಬೇರೆ ಬೇರೆ ಡಿಸ್ಟ್ರಿಬ್ಯೂಟರ್ ಇರಬಹುದು.

(ಆ) ಬ್ಯಾಟರಿಯ ಯಾವ ಧ್ರುವ ಬಾಡಿಗೆ ಜೋಡಿಸಲಾಗಿದೆ ಎಂದು ನೋಡುವುದು. ಬ್ರಿಟಿಷ್ ಮೂಲದ ಕೆಲವು ಹಳೆಯ ವಾಹನಗಳಲ್ಲಿ ಪ್ಲಸ್ ತುದಿ ಬಾಡಿಗೆ ಇರುತ್ತದೆ. ಉಲ್ಟಾ ಜೋಡಿಸಿದಲ್ಲಿ ಕಿಟ್ ಕ್ಷಣಮಾತ್ರದಲ್ಲಿ ಕೆಡುತ್ತದೆ.

(ಇ) ಕಿಟ್‌ಗೆ ಹೇಳಿದ ಓಮ್ ಪ್ರಮಾಣದ ಕಾಯಿಲನ್ನೇ ಬಳಸುವುದು. ಕಡಿಮೆ ಓಮ್ ಕಾಯಿಲ್ ಹಾಕಿದಲ್ಲಿ ಹೆಚ್ಚು ವಿದ್ಯುತ್ ಹರಿದು ಘಟಕ ಸುಡಬಹುದು.

(ಈ) ಇಂಜಿನ್ ಓಡದಿರುವಾಗ ಇಗ್ನಿಷನ್ ಕೀಲಿಯನ್ನು ಆನ್ ಮಾಡಿ ಬಿಡಬಾರದು.

(ಉ) ತಾಮ್ರದ ಬರೀ ತಂತಿಯ ಪ್ಲಗ್ ವೈರುಗಳ ಬದಲು, ಕಿಟ್ ತಯಾರಕರು ಸೂಚಿಸಿದ ರೆಸಿಸ್ಟರ್ ಗುಣದ ವೈರುಗಳನ್ನು ಬಳಸುವುದು.

(ಊ) ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಮತ್ತು ಕಿಟ್ ಎರಡರ ಸಂಪರ್ಕವನ್ನೂ ಕಳಚಿಸುವುದು.

(ಋ) ಖರೀದಿಯ ರಸೀದಿ ಮತ್ತು ಖಾತರಿ ಪತ್ರವನ್ನು ಕಡ್ಡಾಯವಾಗಿ ಪಡೆದುಕೊಳ್ಳುವುದು. ರಸೀದಿ ಇಲ್ಲದ ಖರೀದಿಗೆ ಗ್ರಾಹಕ ಆಯೋಗದಲ್ಲಿ ಪರಿಹಾರ ಕೇಳುವುದು ಕಷ್ಟವಾಗುತ್ತದೆ.

10. ಕಾನೂನಿನ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ ಅಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟ್ ಬದಲು ಸಂವೇದಕ ಕೂರಿಸುವುದರಿಂದ ಇಂಜಿನ್ ಸಂಖ್ಯೆ, ಸಿ.ಸಿ., ಇಂಧನದ ಬಗೆ, ಆಸನಗಳ ಸಂಖ್ಯೆ ಮುಂತಾಗಿ ನೋಂದಣಿ ಪತ್ರದಲ್ಲಿ ನಮೂದಾದ ಯಾವ ವಿವರವೂ ಬದಲಾಗುವುದಿಲ್ಲ. ಆದರೆ ಇಂಜಿನ್ ಬದಲಾವಣೆ, ಪೆಟ್ರೋಲಿನಿಂದ ಎಲ್.ಪಿ.ಜಿ. ಅಥವಾ ಸಿ.ಎನ್.ಜಿ.ಗೆ ಪರಿವರ್ತನೆ ಮುಂತಾದವುಗಳಿಗೆ ನೋಂದಣಿ ಪ್ರಾಧಿಕಾರದ ಅನುಮೋದನೆ ಮತ್ತು ನೋಂದಣಿ ಪತ್ರದಲ್ಲಿ ನಮೂದು ಅವಶ್ಯ. ಕಿಟ್ ಜೊತೆಗೆ ಇಂತಹ ಬೇರೆ ಮಾರ್ಪಾಡುಗಳನ್ನೂ ಮಾಡಿಸಲು ಗ್ಯಾರೇಜಿನವರು ಸೂಚಿಸಿದಲ್ಲಿ, ಕೆಲಸ ಆರಂಭಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸತಕ್ಕದ್ದು.

50 ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ವಾಹನವಾಗಿ ನೋಂದಾಯಿಸಲು 2021ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಅವುಗಳಡಿ ವಾಹನವು ಮೂಲ ರೂಪದಲ್ಲಿ ಇರುವುದು ಮುಖ್ಯ. ಈ ಸೌಲಭ್ಯ ಪಡೆಯುವ ಉದ್ದೇಶವಿರುವವರು ಮೂಲ ಡಿಸ್ಟ್ರಿಬ್ಯೂಟರ್, ಕಾಯಿಲ್ ಮತ್ತು ಪಾಯಿಂಟ್‌ಗಳನ್ನು ಉಳಿಸಿಕೊಳ್ಳುವುದು ಒಳಿತು.

ಕಿಟ್ ಅಳವಡಿಸಿದ ಮಾತ್ರಕ್ಕೆ ಹೊಗೆ ತಪಾಸಣೆಯಿಂದ ವಿನಾಯಿತಿ ದೊರೆಯುವುದಿಲ್ಲ. ಈ ಹಳೆಯ ವಾಹನಗಳ ಪಿ.ಯು.ಸಿ. ಪ್ರಮಾಣಪತ್ರ 6 ತಿಂಗಳಿಗೆ ಮಾತ್ರ ಸಿಂಧು. ಹೊಗೆ ನಿಯಮದ ಉಲ್ಲಂಘನೆಗೆ ಕಲಂ 190ರ ಅಡಿ 10,000 ರೂ.ವರೆಗೆ ದಂಡ ಅಥವಾ 3 ತಿಂಗಳವರೆಗೆ ಕಾರಾವಾಸ ಅಥವಾ ಎರಡಕ್ಕೂ ಅವಕಾಶವಿದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೋಂದಣಿ ನವೀಕರಣಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಡ್ಡಾಯವೇ?
ಉತ್ತರ: ಇಲ್ಲ. ವಾಹನವು ರಸ್ತೆಗೆ ಯೋಗ್ಯವಾಗಿದ್ದು, ಹೊಗೆ ಮಿತಿಯೊಳಗೆ ಇದ್ದಲ್ಲಿ ಸಾಕು. ಅವಧಿ ಮುಗಿಯುವ ಮೊದಲಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. ವಿಳಂಬವಾದಲ್ಲಿ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಪ್ರಶ್ನೆ: ಇತ್ತೀಚೆಗೆ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ತಡವಾಗುತ್ತಿದೆ. ಕಿಟ್ ಹಾಕಿದರೆ ಸರಿಹೋಗುವುದೇ?
ಉತ್ತರ: ಕಿಡಿ ಸರಿಯಾಗಿದೆಯೇ ಎಂದು ಮೊದಲು ಪರೀಕ್ಷಿಸುವುದು. ಈಗ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟದಲ್ಲಿದೆ. ಇದಕ್ಕಾಗಿ ವಿನ್ಯಾಸಗೊಳ್ಳದ ಹಳೆಯ ಕಾರ್ಬ್ಯುರೇಟರ್ ಮತ್ತು ರಬ್ಬರ್ ಭಾಗಗಳಲ್ಲಿ ತೊಂದರೆ ಕಾಣಿಸಿಕೊಳ್ಳಬಹುದು. ಕಿಡಿ ಚೆನ್ನಾಗಿದ್ದಲ್ಲಿ ಪೆಟ್ರೋಲ್ ಪೈಪು, ಪಂಪು ಮತ್ತು ಕಾರ್ಬ್ಯುರೇಟರ್ ಪರಿಶೀಲಿಸತಕ್ಕದ್ದು.

ಪ್ರಶ್ನೆ: ಹಳೆಯ ಜಾವಾ, ಯೆಜ್ಡಿ ಮೋಟಾರ್ ಸೈಕಲ್‌ಗಳಿಗೂ ಇದೇ ಮಾಹಿತಿ ಅನ್ವಯಿಸುವುದೇ?
ಉತ್ತರ: ತತ್ವ ಒಂದೇ. ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಹಲವು ಹಳೆಯ ಗಾಡಿಗಳು 6 ವೋಲ್ಟ್ ವಿದ್ಯುತ್ ವ್ಯವಸ್ಥೆ ಹೊಂದಿವೆ. 12 ವೋಲ್ಟ್ ಕಾರಿನ ಕಿಟ್ ಅವುಗಳಿಗೆ ಹೊಂದುವುದಿಲ್ಲ.

ಪ್ರಶ್ನೆ: ಒಟ್ಟಿನಲ್ಲಿ ಯಾರು ಹಾಕಿಸುವುದು ಸೂಕ್ತ?
ಉತ್ತರ: ಕಾರು ಹೆಚ್ಚು ಓಡುವವರು, ಒಳ್ಳೆಯ ಪಾಯಿಂಟ್ ಅಥವಾ ಅದನ್ನು ಹೊಂದಿಸುವ ಮೆಕ್ಯಾನಿಕ್ ಸಿಗದವರು ಮತ್ತು ಉಳಿದ ಭಾಗಗಳನ್ನು ಈಗಾಗಲೇ ಸರಿಪಡಿಸಿಕೊಂಡವರು ಹಾಕಿಸಬಹುದು. ವರ್ಷಕ್ಕೆ ಕೆಲವೇ ಬಾರಿ ಓಡಿಸುವವರಿಗೆ ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ಮತ್ತು ಒಂದು ಒಳ್ಳೆಯ ಟ್ಯೂನಿಂಗ್ ಸಾಕಾಗುತ್ತದೆ.

12. ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ಯಾವುದೇ ಕಂಪನಿಯ ಉತ್ಪನ್ನಕ್ಕೆ ಶಿಫಾರಸ್ಸು ಆಗಿರುವುದಿಲ್ಲ. ಶುಲ್ಕ ಮತ್ತು ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಪರಿವಾಹನ್ ಜಾಲತಾಣದಲ್ಲಿ ಪ್ರಚಲಿತ ದರವನ್ನು ನೋಡಿಕೊಳ್ಳುವುದು. ಹೆಚ್ಚಿನ ವಿವರಗಳಿಗೆ, ವಾಹನದ ನೋಂದಣಿ ಪತ್ರದೊಂದಿಗೆ, ವಿಳಾಸದ ವ್ಯಾಪ್ತಿಗೆ ಅನುಗುಣವಾಗಿ ಧಾರವಾಡ ಅಥವಾ ಹುಬ್ಬಳ್ಳಿಯ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.